ಗಿಡುಗಗಳ ಗುರುತು

ನಮ್ಮ ಹುಬ್ಬಳ್ಳಿ-ಧಾರವಾಡಗಳ ಆಕಾಶದಲ್ಲಿ ಬೇಟೆಯಾಡಿ ಬದುಕುವ ಪಕ್ಷಿಗಳು ಎಷ್ಟು ಬಗೆಯವು ಹಾರುತ್ತಿರುವವೆಂದು ಯಾವನಾದರೊಬ್ಬ ಸುಶಿಕ್ಷಿತ ಗೃಹಸ್ಥನನ್ನು ಕೇಳಿ ನೋಡಿರಿ. ಆತನು ಕ್ಷಣಕಾಲ ವಿಚಾರಮಾಡಿ 'ಹದ್ದು' ಎನ್ನುವನು. ತುಸು ತಡೆದು 'ಗರುಡ' ಎಂದು ಸೇರಿಸುವನು. ಅಲ್ಲಿಗೆ ಆತನ ಪಟ್ಟಿ ಮುಗಿಯುವದು. ಹತ್ತಿಯ ಎಳೆಯನ್ನು ಬೆರಳಲ್ಲಿ ತಿರುವಿ ಅದರ ದರ ಕಟ್ಟಬಲ್ಲ ವ್ಯಾಪಾರಿಯೂ, ಕಾಗದದ ಒಂದು ಸಾಲು ಓದಿ ಅದನ್ನು ಬರೆದ ಗುಮಾಸ್ತನಾರೆಂದು ಹೇಳಬಲ್ಲ ಅಧಿಕಾರಿಯೂ ತಮ್ಮ ತಲೆಯ ಮೇಲಿನ ಈ ಒಂದು ವಿಷಯದಲ್ಲಿ ನಿರಕ್ಷರರೇ ಸರಿ. ಈ ಲೇಖಕನೂ ಕೆಲವು ವರ್ಷಗಳ ಹಿಂದೆ ಇದೇ ಪಂಕ್ತಿಯವನಾಗಿದ್ದನು. ಆ ಅಜ್ಞಾನವು ಕೇವಲ ನಗೆಗೀಡಾಗುವ ಸಂಗತಿಯಲ್ಲ, ಅದರಿಂದ ನಾಡಿಗೆ ನಷ್ಟವೂ ಆಗುವದೆಂಬುದು ಅನುಭವದಿಂದ ನನಗೆ ತಿಳಿದುಬಂದಿತು. ಆ ಅನುಭವವನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ಎರಡು ಸೀಮೆಗಳ ನಡುವೆ

ಬೇಟೆಯ ಹಕ್ಕಿಗಳನ್ನು ಕಲಿಯಲು ನಮ್ಮ ಅವಳಿ ನಗರಗಳಿಗಿಂತ ಅನುಕೂಲವಾದ ಸ್ಥಳಗಳು ವಿರಳ. ಧಾರವಾಡದಿಂದ ಪಡುವಲಿಗೆ ನಡೆದರೆ ಕಲಘಟಗಿ, ಅಳ್ನಾವರಗಳ ಕಡೆಗೆ ಮಲೆನಾಡಿನ ಸೆರಗು ಸಿಕ್ಕುವದು. ಹುಬ್ಬಳ್ಳಿಯಿಂದ ಮೂಡಲಿಗೆ ನಡೆದರೆ ಅಣ್ಣಿಗೇರಿ, ನವಲಗುಂದಗಳ ಎರೆಭೂಮಿಯು ಕಣ್ಣು ಹರಿಯುವಷ್ಟು ದೂರ ಹಾಸಿರುವದು. ನಡುವೆ ಕೆಲಗೇರಿ, ಉಣಕಲ್ಲ ಕೆರೆಗಳೂ, ತುಸು ಆಚೆಗೆ ನೀರಸಾಗರವೂ ಇವೆ. ಕಾಡಿನ ಗಿಡುಗವು ಬಯಲಿಗೆ ಬಾರದು, ಬಯಲಿನದು ಕಾಡಿಗೆ ಹೋಗದು, ಕೆರೆಯನ್ನವಲಂಬಿಸಿದ್ದು ಕೆರೆಯನ್ನು ಬಿಡದು. ಆದರೆ ಈ ಮೂರೂ ಬಗೆಯ ನೆಲವು ಒಂದು ದಿನದ ತಿರುಗಾಟದಲ್ಲಿ ಸಿಕ್ಕುವದರಿಂದ, ಇಲ್ಲಿ ವರ್ಷದ ಅವಧಿಯಲ್ಲಿ ಇಪ್ಪತ್ತಕ್ಕೂ ಮಿಗಿಲಾದ ಜಾತಿಯ ಬೇಟೆಪಕ್ಷಿಗಳನ್ನು ಕಾಣಬಹುದು. ಎರಡು ಹೆಸರಿನ ಪಟ್ಟಿಯು ಎಷ್ಟು ಬಡವಾದದ್ದೆಂಬುದು ಇದರಿಂದ ತಿಳಿಯುವದು.

ಬಣ್ಣವನ್ನು ನಂಬಬಾರದು

ನಿವೃತ್ತನಾದ ಮೇಲೆ ಮುಂಜಾನೆ ಕೆಲಗೇರಿಯ ದಂಡೆಗೆ ತಿರುಗಾಡಲು ಹೋಗುವ ರೂಢಿ ನನಗೆ ಬಿದ್ದಿತು. ಮಗನು ತಂದುಕೊಟ್ಟ ದುರ್ಬೀನು ಕೊರಳಲ್ಲಿ, ಸಚಿತ್ರ ಪಕ್ಷಿಗ್ರಂಥವು ಕೈಚೀಲದಲ್ಲಿ. ಕಂಡ ಹಕ್ಕಿಯ ಬಣ್ಣವನ್ನು ಪುಸ್ತಕದ ಬಣ್ಣಕ್ಕೆ ಹೊಂದಿಸಿ ನೋಡಿದರೆ ಕೆಲಸವಾಯಿತೆಂದು ನನ್ನ ತಿಳುವಳಿಕೆ. ಒಂದು ದಿನ ಕೆರೆಯ ಮೇಲೆ ಕಂದುಬಣ್ಣದ ದೊಡ್ಡ ಹಕ್ಕಿಯೊಂದು ಸುತ್ತುಹಾಕುತ್ತಿತ್ತು. ಪುಸ್ತಕದಲ್ಲಿ ಅಂಥ ಕಂದುಬಣ್ಣದ ಚಿತ್ರಗಳು ಹತ್ತಾರು. ಅವುಗಳಲ್ಲಿ ಅತಿ ವಿರಳವಾದುದೊಂದನ್ನು ಆರಿಸಿಕೊಂಡು, ಅಪರೂಪದ ದೊಡ್ಡ ಗಿಡುಗವನ್ನು ಕಂಡೆನೆಂದು ಸ್ನೇಹಿತರಿಗೆಲ್ಲ ತಿಳಿಸಿಬಿಟ್ಟೆನು. ಹೊಸ ಕಲಿಕೆಯವನಿಗೆ ಸಾಮಾನ್ಯವಾದುದು ಕಣ್ಣಿಗೆ ಬೀಳುವದೇ ಇಲ್ಲ. ಅವನು ಕಾಣುವದೆಲ್ಲ ಅಪೂರ್ವವೇ!

ಅಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕನು ನನ್ನ ಸಂಭ್ರಮವನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದನು. ನಾನು ಪುಸ್ತಕ ತೋರಿಸಿ, "ಅಜ್ಜಾರ, ಇದೇನ್ರಿ ಆ ಹಕ್ಕಿ?" ಎಂದು ಕೇಳಿದೆನು. ಆತನು ಪುಸ್ತಕವನ್ನು ನೋಡಲೇ ಇಲ್ಲ. "ಗರುಡನ ಮರಿ ಅದ ನೋಡ್ರಿ ಸಾಹೇಬ್ರ. ಇನ್ನೂ ಬಣ್ಣ ಬಂದಿಲ್ಲ ಅದಕ್ಕ. ಹದ್ದಿನ ಬಾಲ ಕತ್ರಿ ಬಿಚ್ಚಿಧಂಗ ಇರತೈತಿ. ಇದರ ಬಾಲ ನೋಡ್ರಿ, ಬೀಸಣಿಕಿ ಆಗೇತಿ," ಎಂದನು. ನಾನು ದುರ್ಬೀನನ್ನೆತ್ತಿ ನೋಡಿದೆನು. ಬಾಲದ ತುದಿಯು ಬೀಸಣಿಗೆಯಂತೆ ದುಂಡಗಿತ್ತು. ತಾಯಿಗರುಡನ ಬಿಳಿಯ ತಲೆಯೂ ಕಾವಿಬಣ್ಣದ ಮೈಯೂ ಮರಿಗೆ ಬರಲು ಕಾಲ ಬೇಕು. ಅಲ್ಲಿಯವರೆಗೆ ಅದು ಹದ್ದಿನಂತೆಯೇ ಕಂದಾಗಿರುವದು. ಬಣ್ಣವು ವಯಸ್ಸಿನೊಡನೆ ಬದಲಾಗುವದು, ಬಿಸಿಲಿನೊಡನೆ ಬದಲಾಗುವದು, ಕೆಲವು ಜಾತಿಗಳಲ್ಲಿ ಗಂಡು-ಹೆಣ್ಣುಗಳಿಗೆ ಬೇರೆಬೇರೆಯಾಗಿರುವದು. ಆಕಾರವು ಮಾತ್ರ ಸಹಸಾ ಸುಳ್ಳು ಹೇಳದು. ಸ್ನೇಹಿತರಿಗೆಲ್ಲ ತಪ್ಪೊಪ್ಪಿಕೊಂಡು ಮತ್ತೆ ತಿಳಿಸಬೇಕಾಯಿತು. ಆ ದಿನದಿಂದ ನನ್ನ ನಿಜವಾದ ವಿದ್ಯಾಭ್ಯಾಸವು ಮೊದಲಾಯಿತು.

ನಾಲ್ಕು ಪ್ರಶ್ನೆಗಳು

ಆ ಮೇಲೆ ಅನುಭವಿಗಳ ಸಹವಾಸದಿಂದ ಕಲಿತದ್ದೇನೆಂದರೆ, ಗಿಡುಗವನ್ನು ಕಂಡಕೂಡಲೆ ಹೆಸರು ಕೇಳಬಾರದು. ನಾಲ್ಕು ಪ್ರಶ್ನೆ ಕೇಳಬೇಕು. ರೆಕ್ಕೆಯ ಆಕಾರವೆಂಥದು? ಬಾಲವೆಂಥದು? ಹಾರುವ ರೀತಿಯೇನು? ನೆಲ ಯಾವುದು, ತಿಂಗಳು ಯಾವುದು? ಇವುಗಳಿಗೆ ಉತ್ತರ ದೊರೆತರೆ ಹೆಸರು ತಾನಾಗಿಯೇ ಹತ್ತಿರ ಬರುವದು.

ರೆಕ್ಕೆಯು ಅಗಲವಾಗಿ, ತುದಿಯ ಗರಿಗಳು ಬೆರಳುಗಳಂತೆ ಬಿಚ್ಚಿಕೊಂಡಿದ್ದರೆ ಅದು ಬಿಸಿಗಾಳಿಯ ಮೇಲೆ ತೇಲುವ ದೊಡ್ಡ ಗಿಡುಗಗಳ ಕುಲವು. ರೆಕ್ಕೆಯು ಗಿಡ್ಡಾಗಿ ದುಂಡಗಿದ್ದು ಬಾಲವು ಉದ್ದವಾಗಿದ್ದರೆ ಅದು ಗಿಡಗಂಟಿಗಳ ನಡುವೆ ನುಸುಳಿ ಬೇಟೆಯಾಡುವ ಶಿಕ್ರದ ಕುಲವು. ರೆಕ್ಕೆಯು ಕುಡುಗೋಲಿನಂತೆ ಬಾಗಿ ತುದಿಯಲ್ಲಿ ಚೂಪಾಗಿದ್ದರೆ ಅದು ಬಯಲಿನ ಆಕಾಶದಲ್ಲಿ ಬಾಣದಂತೆ ಎರಗುವ ಭೈರಿ, ಚಾಣಗಳ ಕುಲವು. ಉದ್ದವಾದ ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ನೆಲಕ್ಕೆ ಆಳುದ್ದ ಎತ್ತರದಲ್ಲಿ ಹೊಲದ ಉದ್ದಗಲ ತೂಗಾಡುತ್ತ ಹಾರಿದರೆ ಅದು ಸೆಳೆವಗಳ ಕುಲವು. ಇಂಗ್ಲಿಷಿನವರು ಹ್ಯಾರಿಯರ್ ಎನ್ನುವದು ಇವುಗಳನ್ನೇ. ಪ್ರತಿಯೊಂದು ಆಕಾರದ ಹಿಂದೆ ಒಂದು ಕಸಬು ಇದೆ. ನೇಗಿಲು, ಕುಂಟಿ, ಕೂರಿಗೆಗಳನ್ನು ನೋಡಿದ ರೈತನು ಯಾವುದರಿಂದ ಯಾವ ಕೆಲಸವಾಗುವದೆಂದು ಹೇಳುವಂತೆ, ರೆಕ್ಕೆಯನ್ನು ನೋಡಿ ಹಕ್ಕಿಯ ಉಪಜೀವನವನ್ನು ಹೇಳಬಹುದು.

ಭೈರಿ-ಚಾಣಗಳು ಹದ್ದು-ಗಿಡುಗಗಳ ದಾಯಾದಿಗಳೆಂದು ಪಂಡಿತರು ಬಹುಕಾಲ ನಂಬಿದ್ದರು. ಆದರೆ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ದೊಡ್ಡ ಸಂಶೋಧನೆಯಿಂದ, ಅವು ಗಿಡುಗಗಳಿಗಿಂತ ಗಿಳಿಗಳಿಗೇ ಹೆಚ್ಚು ಸಮೀಪದ ಬಂಧುಗಳೆಂದು ಕಂಡುಬಂದಿದೆ. ಕೊಕ್ಕೆಯಂಥ ಚುಂಚು, ಹರಿತವಾದ ಉಗುರು, ಬೇಟೆಯ ವೃತ್ತಿ ಇವು ಬೇರೆಬೇರೆ ವಂಶಗಳಲ್ಲಿ ಬೇರೆಬೇರೆಯಾಗಿ ಬೆಳೆದುಬಂದವು. ಪಂಡಿತರೇ ಹೊರ ವೇಷಕ್ಕೆ ಮೋಸಹೋದ ಮೇಲೆ ಹವ್ಯಾಸಿಯು ಮೋಸಹೋದದ್ದಕ್ಕೆ ಅತಿಯಾಗಿ ನಾಚಬೇಕಾದ ಕಾರಣವಿಲ್ಲ. ಒಪ್ಪಿಕೊಳ್ಳದಿದ್ದರೆ ಮಾತ್ರ ನಾಚಬೇಕು.

ಮನೆಯಂಗಳದ ಬೇಟೆಗಾರರು

ಊರೊಳಗೇ ಕಲಿಕೆಗೆ ಬೇಕಾದಷ್ಟು ಸಾಮಗ್ರಿ ಇದೆ. ಧಾರವಾಡದ ಹಳೆಯ ಬಂಗಲೆಗಳ ಮಾವು-ಹುಣಸೆಗಳಲ್ಲಿ ಶಿಕ್ರವು ಗೂಡುಕಟ್ಟುವದು. ಅದರ ಉದ್ದ 30ರಿಂದ 36 ಸೆಂಟಿಮೀಟರು, ಅಂದರೆ ಹೆಚ್ಚುಕಡಿಮೆ ಪಾರಿವಾಳದಷ್ಟು. ಬೆನ್ನು ಬೂದಿಬಣ್ಣ, ಎದೆಗೆ ಇಟ್ಟಿಗೆಬಣ್ಣದ ಅಡ್ಡಗೆರೆಗಳು. ನಾಲ್ಕು ಸಲ ರೆಕ್ಕೆ ಬಡಿದು ತುಸು ದೂರ ತೇಲುವದು, ಮತ್ತೆ ಬಡಿದು ಮತ್ತೆ ತೇಲುವದು. ಈ ನಡೆಯೇ ಅದರ ಸಹಿ. ಆದರೆ ಅದು ಕಣ್ಣಿಗೆ ಬೀಳುವ ಮೊದಲು ಅಳಿಲುಗಳ ಚೀತ್ಕಾರದಿಂದ ಅದರ ಆಗಮನವು ತಿಳಿಯುವದು. ಅಂಗಳದಲ್ಲಿ ಗುಬ್ಬಿಗಳು ಒಮ್ಮೆಲೆ ಮೌನವಾಗಿ ಅಳಿಲು ಬೊಬ್ಬಿಟ್ಟರೆ, ದಿನಪತ್ರಿಕೆಯನ್ನು ಕೆಳಗಿಟ್ಟು ಮರದ ಕಡೆಗೆ ನೋಡಿರಿ.

ಇಲ್ಲಿಯೂ ಒಂದು ಮೋಸವಿದೆ. ಕೋಗಿಲೆಯ ಕುಲಕ್ಕೆ ಸೇರಿದ ಒಂದು ಹಕ್ಕಿಯು ಬಣ್ಣದಲ್ಲಿ, ಗಾತ್ರದಲ್ಲಿ, ಹಾರುವ ರೀತಿಯಲ್ಲಿ ಕೂಡ ಶಿಕ್ರವನ್ನೇ ಹೋಲುವದು. ಬೇಸಗೆಯ ರಾತ್ರಿಗಳಲ್ಲಿ ಏರುಸ್ವರದಿಂದ ಒಂದೇ ಸಮನೆ ಕೂಗಿ ನಿದ್ರೆ ಕೆಡಿಸುವ ಹಕ್ಕಿ ಅದೇ. ಅದರ ವೇಷವನ್ನು ಕಂಡು ಸಣ್ಣ ಹಕ್ಕಿಗಳು ಬೆದರುವವು. ಅದು ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ತನ್ನ ತತ್ತಿಯನ್ನಿಡುವದು. ಚುಂಚನ್ನು ನೋಡಿದರೆ ವೇಷವು ಬಯಲಾಗುವದು: ಗಿಡುಗದ ಚುಂಚು ಕೊಕ್ಕೆ, ಕೋಗಿಲೆಯ ಚುಂಚು ನೀಳವಾದ ಕಡ್ಡಿ.

ಊರು ದಾಟಿ ಹೊಲಗಳ ನಡುವಿನ ತಂತಿಗಳ ಮೇಲೆ ಕಣ್ಣಾಡಿಸಿದರೆ ರಾಮದಾಸ ಹದ್ದೆಂದು ಕೆಲವರು ಕರೆಯುವ ಅಂದವಾದ ಹಕ್ಕಿಯು ಕಾಣುವದು. ಬಿಳಿಯ ಮೈ, ಬೂದಿಬಣ್ಣದ ಬೆನ್ನು, ಭುಜಕ್ಕೆ ಕರಿಯ ಪಟ್ಟಿ, ಕೆಂಡದಂಥ ಕೆಂಪು ಕಣ್ಣು. ಅದು ಗಾಳಿಯಲ್ಲಿ ಒಂದೇ ಸ್ಥಳದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕೆಳಗಿನ ಇಲಿಯನ್ನು ನೋಡಿ ಕಾಲು ಇಳಿಬಿಟ್ಟು ಮೆಲ್ಲನೆ ಇಳಿಯುವದು. ಚಳಿಗಾಲದಲ್ಲಿ ಚಾಣವೂ ಹೀಗೆಯೇ ಗಾಳಿಯಲ್ಲಿ ನಿಲ್ಲುವದರಿಂದ ಹೊಸಬನಿಗೆ ಗೊಂದಲವಾಗುವದು. ಆದರೆ ಚಾಣದ ಬೆನ್ನು ಇಟ್ಟಿಗೆಬಣ್ಣ, ಬಾಲವು ಉದ್ದ, ಬಾಲದ ತುದಿಗೆ ಕರಿಯ ಪಟ್ಟಿ. ಇವೆರಡಕ್ಕಿಂತಲೂ ಬಹು ದೊಡ್ಡದಾದ, ಗೂಬೆಯಂಥ ದಪ್ಪ ತಲೆಯ ಹಕ್ಕಿಯೊಂದು ಬಯಲಿನ ಮೇಲೆ ಹಾಗೆ ನಿಂತರೆ ಅದು ಹಾವುಗಳನ್ನು ತಿನ್ನುವ ಗಿಡುಗವು. ಪಡುವಲ ಕಾಡಂಚಿನಲ್ಲಿ ಹಾವು ತಿನ್ನುವದು ಬೇರೆ ಜಾತಿಯದು: ತಲೆಗೆ ಜುಟ್ಟು, ರೆಕ್ಕೆಯ ಕೆಳಗೆ ಅಗಲವಾದ ಬಿಳಿಯ ಪಟ್ಟಿ, ಎತ್ತರದಿಂದ ಕೇಳಿಬರುವ ಸಿಳ್ಳಿನ ಕೂಗು. ಅದನ್ನು ಪನ್ನಗಾರಿ ಎನ್ನುವರು.

ಹೆಸರುಗಳು ಎಲ್ಲಿ ಹೋದವು

ಇಷ್ಟು ಬರೆಯುವಾಗ ಹಲವು ಹಕ್ಕಿಗಳಿಗೆ ಹೆಸರಿಲ್ಲದೆ ವರ್ಣನೆಯಿಂದಲೇ ಸಾಗಿಸಬೇಕಾದದ್ದನ್ನು ವಾಚಕರು ಗಮನಿಸಿರಬಹುದು. ಆದರೆ ಕನ್ನಡವು ಮೊದಲಿನಿಂದಲೂ ಈ ವಿಷಯದಲ್ಲಿ ಬಡಭಾಷೆಯಾಗಿರಲಿಲ್ಲ. ಡೇಗೆ, ಸಾಳುವ, ಗಿಡುಗ, ಬಿಜ್ಜು, ಚಾಣ ಎಂಬ ಶಬ್ದಗಳು ನಮ್ಮಲ್ಲಿವೆ. ವಿಜಯನಗರದ ಸಿಂಹಾಸನವನ್ನು 15ನೆಯ ಶತಮಾನದ ಕೊನೆಗೆ ಏರಿದ ಸಾಳುವ ನರಸಿಂಹನ ಮನೆತನದ ಹೆಸರೇ ಬೇಟೆಯ ಗಿಡುಗದ ಹೆಸರು. ಅದಕ್ಕೂ ಹಿಂದೆ, ಈ ಧಾರವಾಡದ ನೆಲವನ್ನೂ ಆಳುತ್ತಿದ್ದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ರಾಜರ ವಿನೋದಗಳ ನಡುವೆ ಶ್ಯೇನವಿನೋದವೆಂದು ಗಿಡುಗಗಳ ಬೇಟೆಗೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಗಿಡುಗವನ್ನು ಹಿಡಿದು ಪಳಗಿಸಿ ಮುಂಗೈ ಮೇಲೆ ಕೂರಿಸಿಕೊಳ್ಳುವವನಿಗೆ ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ನಡೆಯುವಂತಿರಲಿಲ್ಲ. ಬೇಟೆಯ ಆ ವಿದ್ಯೆಯು ಅರಸುಮನೆತನಗಳೊಡನೆ ಅಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಗಿಡುಗಗಳನ್ನು ಹಿಡಿಯುವದೂ ಸಾಕುವದೂ ಅಪರಾಧವಾಗಿರುವದು ಯೋಗ್ಯವೇ ಸರಿ. ಆದರೆ ವಿದ್ಯೆಯೊಡನೆ ಹೆಸರುಗಳೂ ಅಳಿದದ್ದು ಮಾತ್ರ ಹಾನಿ.

ನಮ್ಮ ಸೀಮೆಯ ಪ್ರಾಣಿಗಳ ಹೆಸರುಗಳನ್ನು ಮೊದಲು ಶಾಸ್ತ್ರೀಯವಾಗಿ ಬರೆದಿಟ್ಟವರಲ್ಲಿ ಒಬ್ಬನು ಕಿತ್ತೂರಿನ ಸೆರೆಯಾಳು ಎಂಬ ಸಂಗತಿಯು ಬಹುಜನರಿಗೆ ತಿಳಿದಿರಲಾರದು. 1824ರ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಅವನ ಕೈಕೆಳಗಿನ ಇಬ್ಬರು ತರುಣ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು. ಅವರಲ್ಲೊಬ್ಬನಾದ ವಾಲ್ಟರ್ ಎಲಿಯಟ್ಟನು ಬಿಡುಗಡೆಯಾದ ಮೇಲೂ 1833ರ ವರೆಗೆ ಈ ಸೀಮೆಯಲ್ಲಿಯೇ ಇದ್ದನು. ಆತನು ಕರ್ನಾಟಕದ 595 ಶಾಸನಗಳ ಪ್ರತಿಗಳನ್ನು ಕೂಡಿಹಾಕಿದವನೆಂದು ಇತಿಹಾಸಕಾರರು ಬಲ್ಲರು. ಅದೇ ಶ್ರದ್ಧೆಯಿಂದ ಆತನು ಇಲ್ಲಿಯ ಮೃಗಗಳನ್ನೂ ಪಕ್ಷಿಗಳನ್ನೂ ಗುರುತಿಸಿ, ಬೇಡರು, ವಡ್ಡರು, ರೈತರು ಅವುಗಳಿಗೆ ಏನೆನ್ನುವರೆಂದು ಕೇಳಿ ಬರೆದುಕೊಂಡನು. ಸಸ್ತನಿಗಳ ಪಟ್ಟಿಯು 1839ರಲ್ಲಿ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಪಕ್ಷಿಗಳ ಟಿಪ್ಪಣಿಗಳು ಜೆರ್ಡನ್ ಎಂಬ ಪಂಡಿತನ ಕೈಸೇರಿ ಅವನ ಗ್ರಂಥಕ್ಕೆ ಸಾಮಗ್ರಿಯಾದವು. ನಮ್ಮ ಹೊಲದ ಒಂದು ಇಲಿಗೆ ಗುಲಂಡಿ ಎಂದು ಎಲಿಯಟ್ಟನು ಬರೆದುಕೊಂಡ ಕನ್ನಡ ಹೆಸರು, ಗೋಲುಂಡ ಎಂಬ ರೂಪದಲ್ಲಿ ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರಜ್ಞರ ಬಾಯಲ್ಲಿದೆ. ಅದರ ಮುಂದಿನ ಪದ ಎಲಿಯೋಟಿ, ಅಂದರೆ ಎಲಿಯಟ್ಟನದೇ ಹೆಸರು. ಹೆಸರು ಹೇಳಿಕೊಟ್ಟ ರೈತನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಪರರಾಜ್ಯದ ಅಧಿಕಾರಿಯು ಕೇಳಿ ಬರೆದುಕೊಂಡದ್ದನ್ನು ನಮ್ಮವರಾದ ನಾವು ಕೇಳಲೂ ಇಲ್ಲ, ಬರೆಯಲೂ ಇಲ್ಲ. ಕೆಲಗೇರಿಯ ಕುರಿಗಾಹಿಯಂಥವರು ಇನ್ನೂ ಇರುವಾಗಲೇ ಆ ಕೆಲಸವಾಗತಕ್ಕದ್ದು.

ಚಳಿಗಾಲದ ಅತಿಥಿಗಳು

ಹಿಂಗಾರಿಯ ಜೋಳ-ಕಡಲೆಗಳು ಮೊಳೆಯುವ ಕಾಲಕ್ಕೆ ನಮ್ಮ ಎರೆಯ ಬಯಲಿಗೆ ದೂರದೇಶದ ಅತಿಥಿಗಳು ಬರುವರು. ಮಧ್ಯ ಏಶಿಯಾದ ಹುಲ್ಲುಬಯಲುಗಳಲ್ಲಿ ಹುಟ್ಟಿ ಬೆಳೆದ ಸೆಳೆವಗಳು ಸಾವಿರಾರು ಕಿಲೋಮೀಟರು ದಾಟಿ ಬಂದು, ಎಪ್ರಿಲದ ಸುಮಾರಿಗೆ ತಿರುಗಿ ಹೋಗುವವು. ಗಂಡುಗಳು ಬೂದುಬಿಳುಪು; ಒಂದು ಜಾತಿಗೆ ರೆಕ್ಕೆಯ ಮೇಲೆ ಉದ್ದನೆಯ ಕರಿಗೆರೆ, ಇನ್ನೊಂದಕ್ಕೆ ರೆಕ್ಕೆಯ ತುದಿಯಲ್ಲಿ ಮಾತ್ರ ಕರಿಯ ಮೊಳೆಯಂಥ ಗುರುತು. ಹೆಣ್ಣುಗಳೂ ಮರಿಗಳೂ ಕಂದುಬಣ್ಣದವು, ಸೊಂಟದಲ್ಲಿ ಬಿಳಿಯ ಪಟ್ಟಿ; ಇವನ್ನು ಒಂದರಿಂದೊಂದು ಬೇರ್ಪಡಿಸಲು ಪಳಗಿದ ಕಣ್ಣುಗಳೂ ತಡವರಿಸುವವು. 'ಸೆಳೆವ, ಹೆಣ್ಣು, ಜಾತಿ ನಿಶ್ಚಿತವಿಲ್ಲ' ಎಂದು ವಹಿಯಲ್ಲಿ ಬರೆಯುವದೇ ಪ್ರಾಮಾಣಿಕತನವು. ಕೆರೆಗಳ ಮೇಲೆ ಹಾರಾಡುವ ಜೌಗಿನ ಸೆಳೆವವು ಮೂರನೆಯದು. ಅದು ಬಂದಿತೆಂದರೆ ನೀರಸಾಗರದ ಬಾತುಗಳು ಒಮ್ಮೆಲೆ ಎದ್ದು ಗದ್ದಲವೆಬ್ಬಿಸುವವು.

ಇವುಗಳಿಗಿಂತ ವಿಸ್ಮಯಕರವಾದುದು ಅಮುರ ಚಾಣದ ಪ್ರವಾಸ. ಸುಮಾರು 150 ಗ್ರಾಂ ತೂಕದ ಈ ಹಕ್ಕಿಯು ರಶಿಯಾ-ಚೀನಗಳ ಗಡಿಯ ಅಮುರ ನದಿಯ ಸೀಮೆಯಿಂದ ಹೊರಟು, ಭಾರತವನ್ನು ಹಾದು, ಅರಬ್ಬಿ ಸಮುದ್ರವನ್ನು ದಾಟಿ ದಕ್ಷಿಣ ಆಫ್ರಿಕೆಯ ಕಡೆಗೆ ಹೋಗುವದು. 2012ರಲ್ಲಿ ನಾಗಾಲ್ಯಾಂಡದ ದೊಯಾಂಗ ಜಲಾಶಯದ ಬಳಿ ಬಲೆಹಾಕಿ ಅವುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಲ್ಲುತ್ತಿರುವ ಸಂಗತಿಯು ಪ್ರಸಿದ್ಧಿಗೆ ಬಂದಿತು; ಮರುವರ್ಷವೇ ಅಲ್ಲಿಯ ಹಳ್ಳಿಗರು ತಾವಾಗಿ ಬಲೆಗಳನ್ನು ಬಿಟ್ಟು ಅವುಗಳ ರಕ್ಷಕರಾದರು. ತಿಳುವಳಿಕೆಯು ಒಂದು ವರ್ಷದಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ.

ಒಂದು ಗಾಯರಾಣದ ಸಂಗತಿ

ಇನ್ನು ನಾನು ಹೇಳಬೇಕಾದ ಮುಖ್ಯ ವಿಷಯ. ಹುಬ್ಬಳ್ಳಿಯ ಮೂಡಲಿಗೆ ಒಂದು ಹಳ್ಳಿಯ ಗಾಯರಾಣವಿದ್ದಿತು. ಮೊಣಕಾಲುದ್ದದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ. ಸೆಳೆವಗಳು ಮರದ ಮೇಲೆ ಮಲಗುವದಿಲ್ಲ. ಹೊತ್ತು ಮುಳುಗುವಾಗ ಸುತ್ತಲಿನ ಹೊಲಗಳಿಂದೆಲ್ಲ ಕೂಡಿಬಂದು ಹುಲ್ಲಿನೊಳಗೆ ನೆಲದ ಮೇಲೆಯೇ ರಾತ್ರಿ ಕಳೆಯುವವು. ಆ ಗಾಯರಾಣವು ಅಂಥ ವಸತಿಸ್ಥಾನವಾಗಿತ್ತು. ದಿನವೆಲ್ಲ ಹೊಲಗಳಲ್ಲಿ ಮಿಡತೆಗಳನ್ನೂ ಇಲಿಗಳನ್ನೂ ತಿಂದು ರೈತನಿಗೆ ಉಪಕಾರ ಮಾಡಿ, ಬಾಡಿಗೆಯಾಗಿ ಅವು ಕೇಳುವದು ರಾತ್ರಿಗೆ ಒಂದಿಷ್ಟು ಹುಲ್ಲನ್ನು ಮಾತ್ರ.

ಮೊದಲ ಚಳಿಗಾಲದಲ್ಲಿ ಒಬ್ಬ ಮಿತ್ರರೊಡನೆ ನಾನು ಅಲ್ಲಿಗೆ ಹೋದೆನು. ಹಕ್ಕಿಗಳು ಒಂದೊಂದಾಗಿ ಬಂದಿಳಿಯುವದನ್ನು ನೋಡಿ ಬಹಳ ಆನಂದವಾಯಿತು. ಮನೆಗೆ ಬಂದು ವಹಿಯಲ್ಲಿ ಬರೆದದ್ದು ಇಷ್ಟು: 'ಹದ್ದುಗಳು, ಸುಮಾರು ಹನ್ನೆರಡು. ಸೂರ್ಯಾಸ್ತ ಬಹಳ ರಮಣೀಯ.' ಆ ಚಳಿಗಾಲದ ನಾಲ್ಕೈದು ಸಂಜೆಗಳ ನನ್ನ ಟಿಪ್ಪಣಿಗಳೆಲ್ಲ ಇದೇ ಮಾದರಿಯವು. ಎರಡನೆಯ ವರ್ಷ ಅರ್ಧಮರ್ಧ ಕಲಿತೆನು. ಮೂರನೆಯ ವರ್ಷಕ್ಕೆ ಜಾತಿ, ಗಂಡು-ಹೆಣ್ಣು, ಬಂದ ದಿಕ್ಕು, ವೇಳೆ ಎಲ್ಲವನ್ನೂ ಬರೆಯಬಲ್ಲವನಾದೆನು. ಆದರೆ ಬರೆಯಲು ಹಕ್ಕಿಗಳೇ ಕಡಿಮೆಯಾಗಿದ್ದವು. ಹುಲ್ಲಿನ ಅರ್ಧಭಾಗದಲ್ಲಿ ಕಲ್ಲುಗೂಟಗಳು ಬಿದ್ದು ಪ್ಲಾಟುಗಳಾಗಿದ್ದವು. ಉಳಿದ ಭಾಗವನ್ನು ಜೇಸಿಬಿ ಯಂತ್ರವು ಕೆದರಿತ್ತು.

ಒಬ್ಬ ಸಜ್ಜನ ಅಧಿಕಾರಿಯು ನಮ್ಮ ಅಹವಾಲನ್ನು ಕೇಳಿಕೊಂಡರು. ದಫ್ತರದಲ್ಲಿ ಆ ನೆಲವು 'ಪಡ' ಎಂದು ದಾಖಲಾಗಿತ್ತು. "ಮೊದಲು ಇಲ್ಲಿ ಯಾವ ಪಕ್ಷಿಗಳಿದ್ದವು, ಎಷ್ಟಿದ್ದವು, ಈಗ ಎಷ್ಟಾದವು? ಬರಹದಲ್ಲಿ ಏನಾದರೂ ಇದ್ದರೆ ಕೊಡಿರಿ, ಮೇಲಿನವರಿಗೆ ಕಳಿಸುತ್ತೇನೆ," ಎಂದರು. ಪ್ರಶ್ನೆಯು ನ್ಯಾಯವಾದದ್ದೇ. ನಾನು ಮೂರು ವರ್ಷದ ವಹಿಗಳನ್ನು ಮುಂದಿಟ್ಟೆನು. ಅವರು ಮೊದಲ ವರ್ಷದ ಪುಟವನ್ನು ಓದಿ, "ಹದ್ದುಗಳು ಹುಬ್ಬಳ್ಳಿಯ ಸಂತೆಯ ಮೇಲೂ ಹಾರುತ್ತವಲ್ಲ?" ಎಂದು ವಿನಯದಿಂದಲೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಹೆಸರಿಲ್ಲದ ಪಂಚನಾಮೆಯು ಯಾವ ಕೋರ್ಟಿನಲ್ಲಿಯೂ ನಿಲ್ಲದೆಂಬುದನ್ನು ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ನಾನು ಬಲ್ಲೆನು. ಸರಿಯಾದ ಲೆಕ್ಕವಿದ್ದರೂ ಆ ನೆಲವು ಉಳಿಯುತ್ತಿತ್ತೆಂದು ನಾನು ಪ್ರತಿಜ್ಞೆಮಾಡಿ ಹೇಳಲಾರೆನು. ಆದರೆ ಹೋರಾಡುವದಕ್ಕೆ ಬೇಕಾದ ಆಯುಧವು ನನ್ನ ಕೈಯಲ್ಲಿಯೇ ಇದ್ದು, ನನ್ನ ಅಜ್ಞಾನದಿಂದಲೇ ಮೊಂಡಾಯಿತೆಂಬ ವ್ಯಥೆಯು ಮಾತ್ರ ಉಳಿದಿದೆ.

ಲೆಕ್ಕವಿಟ್ಟವರ ಉಪಕಾರ

ಸರಿಯಾದ ಲೆಕ್ಕವು ಏನು ಮಾಡಬಲ್ಲದೆಂಬುದಕ್ಕೆ ರಣಹದ್ದುಗಳ ಕಥೆಯೇ ಸಾಕ್ಷಿ. ಭರತಪುರದ ಪಕ್ಷಿಧಾಮದಲ್ಲಿ ವಿಭು ಪ್ರಕಾಶ ಎಂಬ ವಿಜ್ಞಾನಿಗಳು 1980ರ ದಶಕದಿಂದ ರಣಹದ್ದುಗಳನ್ನು ಜಾತಿವಾರು ಎಣಿಸಿಟ್ಟಿದ್ದರು. ಮುಂದಿನ ದಶಕದಲ್ಲಿ ಮತ್ತೆ ಎಣಿಸಿದಾಗ ಭಯಂಕರವಾದ ಇಳಿತವು ಕಂಡುಬಂದು, 1999ರಲ್ಲಿ ಅದನ್ನು ಪ್ರಕಟಿಸಿದರು. ಹಳೆಯ ಲೆಕ್ಕವಿದ್ದುದರಿಂದಲೇ ಹೊಸ ನಷ್ಟವು ತಿಳಿಯಿತು. ತಿಳಿದುದರಿಂದಲೇ ಕಾರಣದ ಶೋಧವು ನಡೆಯಿತು. ದನಕರುಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುವದೆಂದು 2004ರಲ್ಲಿ ಸಿದ್ಧವಾಯಿತು. 2006ರಲ್ಲಿ ಭಾರತ ಸರಕಾರವು ಪಶುಗಳಿಗೆ ಆ ಔಷಧದ ಬಳಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ನಾಶವಾಗಿದ್ದವು. ನಮ್ಮ ರಾಜ್ಯದ ರಾಮನಗರದ ಗುಡ್ಡಗಳಲ್ಲಿ 2012ರಲ್ಲಿ ರಣಹದ್ದುಗಳಿಗಾಗಿಯೇ ಧಾಮವೊಂದನ್ನು ಘೋಷಿಸಬೇಕಾಯಿತು.

ಈಗ ಆ ಎಣಿಕೆಯ ಕೆಲಸವು ಕೇವಲ ಪಂಡಿತರದಾಗಿ ಉಳಿದಿಲ್ಲ. ದೇಶದ ಸಾವಿರಾರು ಹವ್ಯಾಸಿಗಳು ದಾಖಲಿಸಿದ ಪಟ್ಟಿಗಳ ಆಧಾರದ ಮೇಲೆ 2023ರಲ್ಲಿ ಹೊರಬಂದ 'ಭಾರತದ ಪಕ್ಷಿಗಳ ಸ್ಥಿತಿ' ಎಂಬ ವರದಿಯು 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತಾದ ಗಮನವು ಬೇಕೆಂದು ಹೇಳಿದೆ. ಬಯಲಿನ ಬೇಟೆಪಕ್ಷಿಗಳು ವಿಶೇಷವಾಗಿ ಕ್ಷೀಣಿಸುತ್ತಿರುವವೆಂದೂ ಅದು ಎಚ್ಚರಿಸಿದೆ. ಹೀಗಿರುವಾಗ ಹವ್ಯಾಸಿಯೊಬ್ಬನ ತಪ್ಪು ಗುರುತು ಅವನ ಖಾಸಗಿ ತಪ್ಪಾಗಿ ಉಳಿಯುವದಿಲ್ಲ. ಅದು ಸಾರ್ವಜನಿಕ ದಫ್ತರದ ಒಂದು ಸುಳ್ಳು ನಮೂದಾಗುವದು. ಅವನ ಸರಿಯಾದ ಗುರುತೂ ಅಂತೆಯೇ ಸಾರ್ವಜನಿಕ ಸಂಪತ್ತು.

ಆರಂಭಿಸುವವರಿಗೆ

ಆದಕಾರಣ ಈ ವಿದ್ಯೆಯನ್ನು ಆರಂಭಿಸಬೇಕೆನ್ನುವವರಿಗೆ ಎರಡು ಮಾತು. ಮೊದಲು ಒಂದು ತಿಂಗಳು ಬೇರೇನನ್ನೂ ನೋಡದೆ ಸಾಮಾನ್ಯವಾದ ಹದ್ದನ್ನೇ ನೋಡಿರಿ. ಅದು ತಿರುವಿಕೊಳ್ಳುವಾಗ ಬಾಲವನ್ನು ಹೇಗೆ ಹೊರಳಿಸುವದು, ರೆಕ್ಕೆಯನ್ನು ಎಷ್ಟು ಬಾಗಿಸುವದು, ಕಾಗೆ ಬೆನ್ನಟ್ಟಿದಾಗ ಏನು ಮಾಡುವದು ಎಂಬುದು ಬಾಯಿಪಾಠವಾಗಲಿ. ಮನೆಯ ಜನರನ್ನು ದೂರದ ನಡಿಗೆಯಿಂದಲೇ ಗುರುತಿಸುವಂತೆ ಹದ್ದನ್ನು ಗುರುತಿಸಬಲ್ಲಿರಾದರೆ, ಹದ್ದಲ್ಲದ್ದು ಬಂದ ಕ್ಷಣಕ್ಕೆ ಕಣ್ಣು ತಾನಾಗಿ ಎಚ್ಚರಗೊಳ್ಳುವದು. ಎರಡನೆಯದಾಗಿ, ಕಂಡ ಸ್ಥಳದಲ್ಲಿಯೇ ವಹಿಯಲ್ಲಿ ಬರೆಯಿರಿ, ರೇಖೆಯಿಂದ ಆಕಾರವನ್ನು ಬಿಡಿಸಿರಿ. ಪುಸ್ತಕವನ್ನು ಆ ಮೇಲೆ ತೆರೆಯಿರಿ. ಪುಸ್ತಕವನ್ನು ಮೊದಲು ತೆರೆದವನು ಪುಸ್ತಕದಲ್ಲಿದ್ದುದನ್ನೇ ಆಕಾಶದಲ್ಲಿ ಕಾಣುವನು. ಸಂಶಯವಿದ್ದಲ್ಲಿ ಸಂಶಯವೆಂದು ಬರೆಯಲು ಹಿಂಜರಿಯಬೇಡಿರಿ. ಗೂಡಿನ ಹತ್ತಿರ ಹೋಗಿ ಹಕ್ಕಿಯನ್ನು ಬೆದರಿಸಬೇಡಿರಿ.

ಸಾಲಿಂ ಅಲಿಯವರು ಭಾರತದ ಪಕ್ಷಿಗಳ ಮೇಲೆ ಜನಸಾಮಾನ್ಯರಿಗೂ ಎಟುಕುವ ಇಂಗ್ಲಿಷ್ ಪುಸ್ತಕವನ್ನು 1941ರಲ್ಲಿ ಪ್ರಕಟಿಸಿದರು. ಇತ್ತಿತ್ತಲಾಗಿ ಕನ್ನಡದಲ್ಲಿಯೂ ಒಳ್ಳೆಯ ಪುಸ್ತಕಗಳು ಬಂದಿವೆ. ಆದರೆ ಯಾವ ಪುಸ್ತಕವೂ ಕೆಲಗೇರಿಯ ಆ ಕುರಿಗಾಹಿಯ ಸ್ಥಾನವನ್ನು ತುಂಬಲಾರದು. ನಮ್ಮ ಶಾಲೆಗಳ ಮಾಸ್ತರರು ವರ್ಷಕ್ಕೆರಡು ರವಿವಾರ ಮಕ್ಕಳನ್ನು ಬಯಲಿಗೆ ಕರೆದೊಯ್ದು, ಅಲ್ಲಿಯ ಕುರಿಗಾಹಿಗಳನ್ನೂ ರೈತರನ್ನೂ ಕೇಳಿ ಪಕ್ಷಿಗಳ ಹೆಸರುಗಳನ್ನು ಬರೆಸಲಿ. ನಮ್ಮ ಅಧಿಕಾರಿಗಳು ಒಂದು ಗಾಯರಾಣದ ಉತಾರದ ಮೇಲೆ 'ಪಡ' ಎಂಬ ಶಬ್ದವನ್ನು ಓದಿದಾಗ, ಸಹಿಮಾಡುವ ಮೊದಲು ಒಂದು ಚಳಿಗಾಲದ ಸಂಜೆ ಆ ನೆಲದ ಅಂಚಿನಲ್ಲಿ ಹೋಗಿ ನಿಲ್ಲಲಿ. ಅಲ್ಲಿಗೆ ಬಂದಿಳಿಯುವವರನ್ನು ಹೆಸರು ಹಿಡಿದು ಕರೆಯಬಲ್ಲ ಒಬ್ಬನಾದರೂ ಅವರ ಜೊತೆಗಿರಲಿ. ನನ್ನ ವಹಿಯ ಮೊದಲ ಪುಟವು ನನಗೆ ಕಲಿಸಿದ ಪಾಠವನ್ನು ಇನ್ನೊಬ್ಬರು ಅಷ್ಟು ತಡವಾಗಿ ಕಲಿಯದಿರಲಿ.